ಮಿಷನ್ ಆಸ್ಪತ್ರೆಯ ದಫ್ತರಿನಿಂದ ರಂಗಂಪೇಟೆಯ ತಕ್ಕಡಿಯವರೆಗೆ

ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಇದೆ. ಊರವರ ಬಾಯಲ್ಲಿ ಅದು ಮಿಷನ್ ಆಸ್ಪತ್ರೆ. 1906ರಲ್ಲಿ ಮೆಥಡಿಸ್ಟ್ ಮಿಷನರಿಗಳು ಕಟ್ಟಿದ ಈ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ 1934ರ ಹೊತ್ತಿಗೆ ಒಂದು ಶಿಸ್ತು ಬೇರೂರಿತ್ತು. ಹುಟ್ಟಿದ ಪ್ರತಿ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಫ್ತರಿನಲ್ಲಿ ಬರೆದಿಡುತ್ತಿದ್ದರು. ತಾಯಿಯ ತೂಕವನ್ನೂ ಬರೆಯುತ್ತಿದ್ದರು. ರಾತ್ರಿ ಪಾಳಿಯಲ್ಲಿ ನಿದ್ದೆಗಣ್ಣಿನಲ್ಲಿ ಕೂಸನ್ನು ತೂಗಿ ಅಂಕಿ ಬರೆದ ಆ ದಾದಿಯರಿಗೆ, ಅರುವತ್ತು ವರ್ಷದ ಮೇಲೆ ತಾವು ಬರೆದ ಸಾಲುಗಳನ್ನು ಯಾರೋ ಬೆರಳಿಟ್ಟು ಓದುತ್ತಾರೆ ಎಂಬ ಊಹೆಯೂ ಇರಲಿಲ್ಲ.

ಆ ದಫ್ತರಿಗೂ ರಾಜ್ಯದ ಇನ್ನೊಂದು ತುದಿಯಲ್ಲಿ, ಸುರಪುರಕ್ಕೆ ಅಂಟಿಕೊಂಡಿರುವ ರಂಗಂಪೇಟೆಗೂ ಏನು ಸಂಬಂಧ? ರಂಗಂಪೇಟೆಯ ಒಬ್ಬ ತಾಯಿ ಹತ್ತು ವರ್ಷದ ಮಗನನ್ನು ಕರೆದುಕೊಂಡು ಮಕ್ಕಳ ವೈದ್ಯರ ಹತ್ತಿರ ಹೋದಳು ಎನ್ನಿ. ವೈದ್ಯರು ಹುಡುಗನನ್ನು ತಕ್ಕಡಿಯ ಮೇಲೆ ನಿಲ್ಲಿಸಿ, ಎತ್ತರ ಅಳೆದು, ಒಂದು ನಕ್ಷೆಯ ಮೇಲೆ ಚುಕ್ಕಿ ಇಟ್ಟು, "ತೂಕ ಎತ್ತರಕ್ಕಿಂತ ಮುಂದಕ್ಕೆ ಹೋಗ್ಯಾದ, ಈಗಿಂದನ ನೋಡಿಕೊಳ್ಳಬೇಕು" ಎನ್ನುತ್ತಾರೆ. ತಾಯಿಗೆ ಅಚ್ಚರಿ: "ಮೈಕೈ ತುಂಬಿಕೊಂಡು ಚಂದ ಅದಾನಲ್ಲರಿ!" ವೈದ್ಯರು ನೋಡಿದ ಆ ನಕ್ಷೆಯ ಗೆರೆಗಳು, ಆ ಗೆರೆ ದಾಟಿದ ಮಗುವಿಗೆ ಏನು ಮಾಡಬೇಕು ಎಂದು ಹೇಳುವ ಚಿಕಿತ್ಸಾ ಮಾರ್ಗಸೂಚಿ, ಎರಡೂ ಸುಮ್ಮನೆ ಹುಟ್ಟಿದವಲ್ಲ. ಅವುಗಳ ಬೇರುಗಳಲ್ಲಿ ಒಂದು ಮೈಸೂರಿನ ಆ ದಫ್ತರಿನಲ್ಲಿದೆ. ಬೊಜ್ಜು ಎಂದರೇನು, ಅದು ಎಲ್ಲಿಂದ ಶುರುವಾಗುತ್ತದೆ ಎಂಬುದನ್ನು ನಮ್ಮ ಮಕ್ಕಳ ಮೈಯಿಂದಲೇ ಕಲಿಯಬೇಕಾಯಿತು. ಆ ಕಲಿಕೆಯ ಕತೆ ಇದು.

ಗೆರೆ ಎಳೆಯುವ ಕಷ್ಟ

ದೊಡ್ಡವರ ಬೊಜ್ಜನ್ನು ಅಳೆಯುವ ಲೆಕ್ಕ ಹಳೆಯದು. ಕಿಲೋದಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸುವುದು. ಬೆಲ್ಜಿಯಂನ ಅಡಾಲ್ಫ್ ಕ್ವೆಟೆಲೆ 1830ರ ದಶಕದಲ್ಲಿ ಈ ಅನುಪಾತವನ್ನು ಕಂಡುಕೊಂಡರು. ಅವರಿಗೆ ರೋಗದ ಚಿಂತೆ ಇರಲಿಲ್ಲ, ಸರಾಸರಿ ಮನುಷ್ಯ ಹೇಗಿರುತ್ತಾನೆ ಎಂಬ ಕುತೂಹಲವಿತ್ತು. 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಇದೇ ಲೆಕ್ಕಕ್ಕೆ ಬಾಡಿ ಮಾಸ್ ಇಂಡೆಕ್ಸ್ ಎಂದು ಹೆಸರಿಟ್ಟರು. ಇಂದು ಎಲ್ಲರೂ ಬಿಎಂಐ ಎನ್ನುವುದು ಅದನ್ನೇ. ದೊಡ್ಡವರಲ್ಲಿ 25 ದಾಟಿದರೆ ತೂಕ ಹೆಚ್ಚು, 30 ದಾಟಿದರೆ ಬೊಜ್ಜು ಎಂಬ ಗೆರೆ ಜಗತ್ತಿನಲ್ಲೆಲ್ಲ ನಿಂತಿತು.

ಮಕ್ಕಳಿಗೆ ಇಂಥ ಒಂದೇ ಗೆರೆ ಎಳೆಯಲು ಬರುವುದಿಲ್ಲ. ಹುಟ್ಟಿದ ಕೂಸು ಮೊದಲ ವರ್ಷ ಗುಂಡಗಾಗುತ್ತದೆ, ಅಲ್ಲಿಂದ ಐದಾರು ವರ್ಷದವರೆಗೆ ತೆಳ್ಳಗಾಗುತ್ತ ಹೋಗಿ, ಆಮೇಲೆ ಮತ್ತೆ ಮೈ ತುಂಬಿಕೊಳ್ಳುತ್ತದೆ. ಐದು ವರ್ಷದ ಮಗುವಿಗೆ ಹೆಚ್ಚು ಎನಿಸುವ ಬಿಎಂಐ ಹದಿನೈದರ ಹುಡುಗಿಗೆ ಕಡಿಮೆ. ಹಾಗಾಗಿ ಪ್ರತಿ ವಯಸ್ಸಿಗೂ, ಗಂಡು ಹೆಣ್ಣಿಗೆ ಬೇರೆ ಬೇರೆಯಾಗಿ, ಗೆರೆ ಬೇಕು. ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ಟಿಮ್ ಕೋಲ್ ಮತ್ತು ಜೊತೆಗಾರರು 2000ದಲ್ಲಿ ಇದಕ್ಕೊಂದು ದಾರಿ ತೋರಿಸಿದರು. ಹದಿನೆಂಟು ವರ್ಷಕ್ಕೆ ಸರಿಯಾಗಿ 25ಕ್ಕೂ 30ಕ್ಕೂ ಬಂದು ಮುಟ್ಟುವ ಗೆರೆಗಳನ್ನು ಹಿಂದಕ್ಕೆ ಎಳೆದುಕೊಂಡು ಹೋದರೆ ಪ್ರತಿ ವಯಸ್ಸಿನ ಗಡಿ ಸಿಗುತ್ತದೆ. ಇದಕ್ಕಾಗಿ ಬ್ರೆಜಿಲ್, ಬ್ರಿಟನ್, ಹಾಂಗ್‌ಕಾಂಗ್, ನೆದರ್ಲೆಂಡ್ಸ್, ಸಿಂಗಪುರ ಮತ್ತು ಅಮೆರಿಕದ ಸುಮಾರು 1.9 ಲಕ್ಷ ಮಂದಿಯ ಅಳತೆಗಳನ್ನು ಬಳಸಿದರು.

ಆ ಆರು ದೇಶಗಳಲ್ಲಿ ಭಾರತ ಇರಲಿಲ್ಲ. ಬೇರೆ ಊರಿನ ಸೇರಿನಿಂದ ನಮ್ಮ ಜೋಳ ಅಳೆದ ಹಾಗೆ, ಅವರ ಗೆರೆಯಿಂದ ನಮ್ಮ ಮಕ್ಕಳನ್ನು ಅಳೆಯುತ್ತಿದ್ದೆವು. ಅಳತೆ ಬರುತ್ತಿತ್ತು, ಆದರೆ ಲೆಕ್ಕ ತಪ್ಪುತ್ತಿತ್ತು. ಯಾಕೆ ತಪ್ಪುತ್ತಿತ್ತು ಎಂದು ತಿಳಿಯಲು ಮಿಷನ್ ಆಸ್ಪತ್ರೆಗೆ ಮರಳಬೇಕು.

ಮೈಸೂರು ಕೊಟ್ಟ ಅಚ್ಚರಿ

1989ರಲ್ಲಿ ಇಂಗ್ಲೆಂಡಿನ ಸೌಥಾಂಪ್ಟನ್‌ನ ಡೇವಿಡ್ ಬಾರ್ಕರ್ ಮತ್ತು ಸಂಗಡಿಗರು ಒಂದು ಲೇಖನ ಪ್ರಕಟಿಸಿದರು. ಹರ್ಟ್‌ಫರ್ಡ್‌ಶೈರ್ ಎಂಬ ಕೌಂಟಿಯಲ್ಲಿ 1911ರಿಂದ 1930ರವರೆಗೆ ಹುಟ್ಟಿದ 5654 ಗಂಡಸರ ಹಳೆಯ ದಾಖಲೆಗಳನ್ನು ಅವರು ಹುಡುಕಿ ತೆಗೆದಿದ್ದರು. ಹುಟ್ಟುವಾಗ ಮತ್ತು ಮೊದಲ ವರ್ಷದಲ್ಲಿ ತೂಕ ಕಡಿಮೆ ಇದ್ದವರು ದೊಡ್ಡವರಾದ ಮೇಲೆ ಹೃದಯ ಕಾಯಿಲೆಯಿಂದ ಸಾಯುವುದು ಹೆಚ್ಚು ಎಂದು ಆ ದಾಖಲೆ ಹೇಳಿತು. ಹೃದಯದ ಕಾಯಿಲೆ ನಡುವಯಸ್ಸಿನ ಊಟ, ಬೀಡಿ, ಸಿಗರೇಟಿನಿಂದಷ್ಟೇ ಬರುವುದಲ್ಲ, ಅದರ ಬೀಜ ತಾಯಿಯ ಹೊಟ್ಟೆಯಲ್ಲಿಯೇ ಬೀಳಬಹುದು ಎಂಬ ಮಾತನ್ನು ಮೊದಮೊದಲು ಬಹಳ ಮಂದಿ ಒಪ್ಪಲಿಲ್ಲ.

ಇಂಗ್ಲೆಂಡಿನಲ್ಲಿ ಕಂಡದ್ದು ಇಲ್ಲಿಯೂ ಕಾಣುತ್ತದೆಯೇ? ಕಡಿಮೆ ತೂಕದ ಕೂಸುಗಳು ಹೆಚ್ಚಾಗಿ ಹುಟ್ಟುವ ದೇಶ ನಮ್ಮದು. ಆದರೆ ಐವತ್ತು ಅರುವತ್ತು ವರ್ಷ ಹಿಂದಿನ ಹುಟ್ಟಿನ ಅಳತೆ ಎಲ್ಲಿ ಸಿಗಬೇಕು? ಮೈಸೂರಿನ ದಫ್ತರುಗಳು ಬೆಳಕಿಗೆ ಬಂದದ್ದು ಆಗ. ಸೌಥಾಂಪ್ಟನ್‌ನ ಕ್ಯಾರೊಲಿನ್ ಫಾಲ್ ಮತ್ತು ಮೈಸೂರಿನ ವೈದ್ಯರು ಸೇರಿ ಆಸ್ಪತ್ರೆಯ ಸುತ್ತಲಿನ ಬಡಾವಣೆಗಳಲ್ಲಿ ಮನೆಮನೆಗೆ ಹೋಗಿ, ಮಿಷನ್ ಆಸ್ಪತ್ರೆಯಲ್ಲಿ ಹುಟ್ಟಿದವರು ಯಾರು ಎಂದು ವಿಚಾರಿಸಿದರು. ಸಿಕ್ಕವರ ಹೆಸರನ್ನು ದಫ್ತರಿನ ಸಾಲಿಗೆ ತಾಳೆ ಹಾಕಿದರು. 1934ರಿಂದ 1954ರ ನಡುವೆ ಹುಟ್ಟಿದ 517 ಗಂಡಸರು ಹೆಂಗಸರು ಪರೀಕ್ಷೆಗೆ ಬಂದರು.

1996ರಲ್ಲಿ ಬಂದ ಉತ್ತರ ಸ್ಪಷ್ಟವಾಗಿತ್ತು. ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ಕಾಯಿಲೆ ಇತ್ತು. 3.1 ಕಿಲೋ ಅಥವಾ ಅದಕ್ಕಿಂತ ಹೆಚ್ಚು ಇದ್ದವರಲ್ಲಿ ನೂರಕ್ಕೆ 3 ಮಂದಿಗೆ ಮಾತ್ರ. ಹರ್ಟ್‌ಫರ್ಡ್‌ಶೈರಿನ ಮಾತನ್ನು ಮೈಸೂರು ಅನುಮೋದಿಸಿತ್ತು.

ಎರಡು ವರ್ಷದ ನಂತರ ಸಕ್ಕರೆ ಕಾಯಿಲೆಯ ಲೆಕ್ಕ ಹೊರಬಂದಾಗ ಮಾತ್ರ ಮೈಸೂರು ಬೇರೆಯೇ ಕತೆ ಹೇಳಿತು. ಪಶ್ಚಿಮದಲ್ಲಿ ಸಣಕಲಾಗಿ ಹುಟ್ಟಿದವರಿಗೆ ಸಕ್ಕರೆ ಕಾಯಿಲೆ ಹೆಚ್ಚು. ಮೈಸೂರಿನಲ್ಲಿ, ಹುಟ್ಟುವಾಗ ಉದ್ದ ಕಡಿಮೆ ಇದ್ದು ಉದ್ದಕ್ಕೆ ತೂಕ ಹೆಚ್ಚಿದ್ದವರಿಗೆ, ಅಂದರೆ ಗಿಡ್ಡಗೆ ಗುಂಡಗೆ ಹುಟ್ಟಿದವರಿಗೆ ಹೆಚ್ಚು. ಅವರ ತಾಯಂದಿರ ತೂಕವೂ ಬೇರೆಯವರಿಗಿಂತ ಜಾಸ್ತಿ ಇತ್ತು. ಇದು ಹೇಗೆ? ಸಂಶೋಧಕರು ಒಂದು ಊಹೆ ಮುಂದಿಟ್ಟರು. ತಾನೇ ಅರೆಹೊಟ್ಟೆಯಲ್ಲಿ ಬೆಳೆದ ಹೆಣ್ಣುಮಗಳು ದೊಡ್ಡವಳಾದ ಮೇಲೆ ಮೈ ಬಂದು ಬಸುರಾದರೆ, ಅವಳ ಮೇದೋಜೀರಕ ಗ್ರಂಥಿಗೆ ಬೇಕಾದಷ್ಟು ಇನ್ಸುಲಿನ್ ತಯಾರಿಸಲು ಆಗದೆ ರಕ್ತದ ಸಕ್ಕರೆ ಏರುತ್ತದೆ. ಆ ಸಕ್ಕರೆ ಹೊಕ್ಕುಳಬಳ್ಳಿಯ ಮೂಲಕ ಕೂಸಿಗೆ ಹೋಗಿ ಕೊಬ್ಬಾಗಿ ಕೂರುತ್ತದೆ. ತಾಯಿಯ ಬಾಲ್ಯದ ಹಸಿವು, ಅವಳ ಹರೆಯದ ತೂಕ, ಮಗುವಿನ ಮುಂದಿನ ಕಾಯಿಲೆ, ಮೂರೂ ಒಂದೇ ಸರಪಳಿಯ ಕೊಂಡಿಗಳು ಎಂಬ ಊಹೆ ಅದು.

ಊಹೆಯನ್ನು ಪರೀಕ್ಷಿಸಲು ಹಳೆಯ ದಫ್ತರು ಸಾಲದು, ಹೊಸ ಬಸುರಿಯರು ಬೇಕಿತ್ತು. 1997ರ ಜೂನ್‌ನಿಂದ 1998ರ ಆಗಸ್ಟ್‌ವರೆಗೆ ಅದೇ ಆಸ್ಪತ್ರೆಗೆ ತಪಾಸಣೆಗೆ ಬಂದ 830 ಬಸುರಿಯರಿಗೆ ಗ್ಲೂಕೋಸ್ ಕುಡಿಸಿ ರಕ್ತ ಪರೀಕ್ಷೆ ಮಾಡಿದರು. ಪಾರ್ಥೆನಾನ್ ಅಧ್ಯಯನ ಎಂದು ಹೆಸರಾದ ಈ ಕೆಲಸವನ್ನು ಜಿ.ವಿ. ಕೃಷ್ಣವೇಣಿ, ಎಸ್.ಆರ್. ವೀಣಾ ಮೊದಲಾದ ಮೈಸೂರಿನ ಸಂಶೋಧಕರು ವರ್ಷಾನುಗಟ್ಟಲೆ ಹೆಗಲ ಮೇಲೆ ಹೊತ್ತರು. ನೂರಕ್ಕೆ ಆರು ಮಂದಿ ಬಸುರಿಯರಲ್ಲಿ ಸಕ್ಕರೆ ಕಾಯಿಲೆ ಕಂಡಿತು. ಹುಟ್ಟಿದ ಮಕ್ಕಳನ್ನು ಬಿಡದೆ ಹಿಂಬಾಲಿಸಿದರು. ಐದನೆಯ ವರ್ಷಕ್ಕೆ, ಬಸುರಿನಲ್ಲಿ ಸಕ್ಕರೆ ಇದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಬೆನ್ನಿನ ಕೊಬ್ಬೂ ರಕ್ತದ ಇನ್ಸುಲಿನ್ನೂ ಬೇರೆ ಮಕ್ಕಳಿಗಿಂತ ಹೆಚ್ಚಿತ್ತು. ಒಂಬತ್ತೂವರೆ ವರ್ಷಕ್ಕೆ ಆ ವ್ಯತ್ಯಾಸ ಇನ್ನೂ ಹಿಗ್ಗಿತ್ತು. ಗಂಡುಮಕ್ಕಳಲ್ಲಿಯೂ ಇನ್ಸುಲಿನ್ನಿಗೆ ಮೈ ಒಗ್ಗದಿರುವ ಲಕ್ಷಣ ಕಾಣಿಸಿಕೊಂಡಿತ್ತು. ಬೊಜ್ಜಿನ ಕತೆ ಶಾಲೆಯ ಮುಂದಿನ ಅಂಗಡಿಯಿಂದ ಶುರುವಾಗುವುದಲ್ಲ, ಅದಕ್ಕೂ ಮೊದಲೇ ಶುರುವಾಗಿರುತ್ತದೆ ಎಂಬುದಕ್ಕೆ ಮೈಸೂರಿನ ಮಕ್ಕಳೇ ಸಾಕ್ಷಿಯಾದರು.

ಸಣ್ಣ ಮೈ, ಒಳಗೆ ಕೊಬ್ಬು

ಇತ್ತ ಪುಣೆಯ ಕೆಇಎಂ ಆಸ್ಪತ್ರೆಯ ಚಿತ್ತರಂಜನ ಯಾಜ್ಞಿಕ್ ಅವರೂ ಇದೇ ಜಾಡಿನಲ್ಲಿದ್ದರು. ಪುಣೆಯ ಹತ್ತಿರದ ಆರು ಹಳ್ಳಿಗಳಲ್ಲಿ ಹುಟ್ಟಿದ ಕೂಸುಗಳನ್ನು ಸೌಥಾಂಪ್ಟನ್‌ನ ಕೂಸುಗಳ ಜೊತೆ ಹೋಲಿಸಿ ಅವರು 2003ರಲ್ಲಿ ಬರೆದ ಲೇಖನ ಜಗತ್ತಿನ ಗಮನ ಸೆಳೆಯಿತು. ನಮ್ಮ ಕೂಸುಗಳ ಸರಾಸರಿ ತೂಕ 2.7 ಕಿಲೋ, ಅಲ್ಲಿಯವರದು 3.5 ಕಿಲೋ. ತೋಳು, ಹೊಟ್ಟೆ, ತಲೆ ಎಲ್ಲವೂ ನಮ್ಮವರದು ಸಣ್ಣ. ಬೆನ್ನಿನ ಮೇಲಿನ ಚರ್ಮವನ್ನು ಚಿವುಟಿ ಹಿಡಿದು ಅಳೆದಾಗ ಸಿಕ್ಕ ಕೊಬ್ಬಿನ ಪದರ ಮಾತ್ರ ಅಷ್ಟೇನೂ ಕಡಿಮೆ ಇರಲಿಲ್ಲ. ಮಾಂಸಖಂಡ ಸೊರಗಿದೆ, ಕೊಬ್ಬು ಉಳಿದಿದೆ. ಮೈಸೂರಿನ ಕೂಸುಗಳಲ್ಲಿಯೂ ಇದೇ ಚಿತ್ರ ಕಂಡಿತು. ನಾಲ್ಕು ವರ್ಷ ತುಂಬಿದಾಗಲೂ ಅದು ಹಾಗೆಯೇ ಮುಂದುವರಿದಿತ್ತು.

2004ರಲ್ಲಿ ಯಾಜ್ಞಿಕ್ ತಮ್ಮ ಬ್ರಿಟಿಷ್ ಮಿತ್ರ ಜಾನ್ ಯಡ್ಕಿನ್ ಜೊತೆ ನಿಂತ ಒಂದು ಫೋಟೊ ಪ್ರಕಟವಾಯಿತು. ಇಬ್ಬರ ಬಿಎಂಐ ಕೂಡ 22.3. ಮೈಯ ಕೊಬ್ಬಿನ ಪಾಲು ಅಳೆದರೆ ಯಡ್ಕಿನ್ ಅವರದು ನೂರಕ್ಕೆ 9.1, ಯಾಜ್ಞಿಕ್ ಅವರದು 21.2. ಅಳತೆಗೋಲು ಒಂದೇ ಆದರೂ ಅದು ತೋರುವ ಸತ್ಯ ಇಬ್ಬರಿಗೆ ಎರಡು ಬಗೆ ಎಂದು ಆ ಒಂದು ಚಿತ್ರ ಎಲ್ಲರಿಗೂ ಅರ್ಥ ಮಾಡಿಸಿತು.

ಅದೇ ವರ್ಷ ದೆಹಲಿಯಿಂದ ಇನ್ನೊಂದು ಸುದ್ದಿ ಬಂತು. ಅಲ್ಲಿ ಹುಟ್ಟಿನಿಂದಲೂ ಮತ್ತೆ ಮತ್ತೆ ಅಳೆಯುತ್ತ ಬಂದಿದ್ದ 1492 ಮಂದಿ ಈಗ ಮೂವತ್ತರ ಆಸುಪಾಸಿಗೆ ಬಂದಿದ್ದರು. ಅವರಲ್ಲಿ ರಕ್ತದ ಸಕ್ಕರೆ ಏರಿದ್ದವರ ಬಾಲ್ಯವನ್ನು ತೆರೆದು ನೋಡಿದಾಗ, ಎರಡು ವರ್ಷದವರೆಗೆ ಅವರು ತೆಳ್ಳಗಿದ್ದರು, ಆಮೇಲೆ ಬೇರೆ ಮಕ್ಕಳಿಗಿಂತ ಬೇಗ ಮೈ ತುಂಬಿಕೊಳ್ಳಲು ಶುರುಮಾಡಿದ್ದರು. ಹನ್ನೆರಡನೆಯ ವಯಸ್ಸಿನಲ್ಲಿ ಅವರಲ್ಲಿ ಒಬ್ಬರೂ ಬೊಜ್ಜಿನವರಾಗಿರಲಿಲ್ಲ! ಒಂದು ದಿನ ತೂಗಿ ನೋಡಿ ಸರಿಯಿದೆ ಎಂದು ಕಳಿಸಿದರೆ ಸಾಲದು, ಮಗು ಯಾವ ಗೆರೆಯಿಂದ ಯಾವ ಗೆರೆಗೆ ಏರುತ್ತಿದೆ ಎಂದು ವರ್ಷವರ್ಷವೂ ನೋಡುತ್ತಿರಬೇಕು ಎಂಬುದು ಇದರಿಂದ ಸಿಕ್ಕ ಪಾಠ.

ನಮ್ಮ ಮಕ್ಕಳಿಗೆ ನಮ್ಮ ಗೆರೆ

ಇಷ್ಟೆಲ್ಲ ಪುರಾವೆ ಒಟ್ಟಾದ ಮೇಲೆ ಗೆರೆ ಕೆಳಗಿಳಿಯಲೇಬೇಕಿತ್ತು. ಏಷ್ಯಾದ ಜನರಿಗೆ 25ರ ಬದಲು 23ರಿಂದಲೇ ಎಚ್ಚರಿಕೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಾಲೋಚನೆ 2004ರಲ್ಲಿ ಹೇಳಿತು. ಅದೇ ವರ್ಷ ಭಾರತೀಯ ಮಕ್ಕಳ ವೈದ್ಯರ ಸಂಘ ಬಾಲ್ಯದ ಬೊಜ್ಜಿನ ಬಗ್ಗೆ ತನ್ನ ಶಿಫಾರಸುಗಳನ್ನು ಹೊರತಂದಿತು. ಅದನ್ನು ತಯಾರಿಸಿದ ಕಾರ್ಯಪಡೆ ರಚನೆಯಾಗಿದ್ದದ್ದೇ ದೊಡ್ಡವರ ಕಾಯಿಲೆಗಳನ್ನು ಬಾಲ್ಯದಲ್ಲಿ ತಡೆಯುವುದಕ್ಕೆ.

ಮಕ್ಕಳ ಗೆರೆ ಎಳೆಯಲು ಮಕ್ಕಳ ಅಳತೆಯೇ ಬೇಕು. ಆದರೆ ಯಾವ ಮಕ್ಕಳ ಅಳತೆ? ಅರೆಹೊಟ್ಟೆಯ ಮಕ್ಕಳನ್ನು ಅಳೆದರೆ ಗಿಡ್ಡತನವೇ ಸರಿ ಎಂದಾಗುತ್ತದೆ. ಪೇಟೆಯ ಉಳ್ಳವರ ಮಕ್ಕಳನ್ನು ಅಳೆದರೆ ಬೊಜ್ಜೇ ಸಹಜ ಎಂದಾಗುತ್ತದೆ. ಎಲ್ಲರ ತೂಕ ಏರಿದಾಗ ನಕ್ಷೆಯ ಗೆರೆಗಳೂ ಏರಿಬಿಡುತ್ತವೆ, ನಿಜಕ್ಕೂ ದಪ್ಪಗಿರುವ ಮಗು ಆ ನಕ್ಷೆಯಲ್ಲಿ ಸರಿಯಾಗಿದೆ ಎಂದೇ ಕಾಣುತ್ತದೆ. ಪುಣೆಯ ಮಕ್ಕಳ ವೈದ್ಯ ವಾಮನ ಖಾಡಿಲ್ಕರ್ ಮತ್ತು ತಂಡ ಈ ಎರಡು ಕಷ್ಟಗಳ ನಡುವೆ ದಾರಿ ಹುಡುಕಿತು. ದೇಶದ 14 ನಗರಗಳ, ಊಟಕ್ಕೆ ಕೊರತೆ ಇಲ್ಲದ ಮನೆಗಳ 33,148 ಮಕ್ಕಳ ಅಳತೆಗಳನ್ನು ತೆಗೆದುಕೊಂಡು, ಅವುಗಳಲ್ಲಿ ಅತಿತೂಕದವನ್ನು ಬದಿಗಿಟ್ಟು ಲೆಕ್ಕ ಹಾಕಿತು. ಟಿಮ್ ಕೋಲ್ ತೋರಿಸಿದ ವಿಧಾನವನ್ನೇ ಬಳಸಿ, 25 ಮತ್ತು 30ರ ಜಾಗದಲ್ಲಿ 23 ಮತ್ತು 27ಕ್ಕೆ ಬಂದು ಮುಟ್ಟುವ ಗೆರೆಗಳನ್ನು ಎಳೆಯಿತು. 2015ರಲ್ಲಿ ಮಕ್ಕಳ ವೈದ್ಯರ ಸಂಘ 5ರಿಂದ 18 ವರ್ಷದವರಿಗೆ ಈ ನಕ್ಷೆಗಳನ್ನೇ ಒಪ್ಪಿಕೊಂಡಿತು. ಐದರೊಳಗಿನ ಮಕ್ಕಳಿಗೆ ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾನದಂಡ ಇದೆ. ಅದನ್ನು ತಯಾರಿಸಲು ಅಳೆದ ಆರು ದೇಶಗಳ ಮಕ್ಕಳಲ್ಲಿ ದಕ್ಷಿಣ ದೆಹಲಿಯ ಮಕ್ಕಳೂ ಇದ್ದರು.

ಮಾರ್ಗಸೂಚಿ ಹೇಳುವುದೇನು

2023ರಲ್ಲಿ ಎರಡು ಮುಖ್ಯ ಮಾರ್ಗಸೂಚಿಗಳು ಬಂದವು. ಜನವರಿಯಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯದು, ವರ್ಷದ ಕೊನೆಗೆ ಭಾರತೀಯ ಮಕ್ಕಳ ವೈದ್ಯರ ಸಂಘದ ಪರಿಷ್ಕೃತ ಮಾರ್ಗಸೂಚಿ. ದೊಡ್ಡವನಾದ ಮೇಲೆ ತಾನೇ ಇಳಿಯುತ್ತದೆ ಎಂದು ಕಾಯುತ್ತ ಕೂರುವುದು ಬೇಡ ಎಂಬಲ್ಲಿ ಎರಡಕ್ಕೂ ಒಮ್ಮತ. ಮೂರರಿಂದ ಹನ್ನೆರಡು ತಿಂಗಳಲ್ಲಿ ಕಡಿಮೆ ಎಂದರೆ 26 ಗಂಟೆ ಮಗು ಮತ್ತು ಮನೆಯವರ ಜೊತೆ ಎದುರಾಬದುರು ಕೂತು ಊಟ, ಆಟ, ನಿದ್ದೆಯ ಬಗ್ಗೆ ಕೆಲಸ ಮಾಡಬೇಕೆಂದು ಅಮೆರಿಕದವರು ಹೇಳಿದರು. ಹನ್ನೆರಡು ವರ್ಷದಿಂದ ಮೇಲಿನ ಬೊಜ್ಜಿನ ಮಕ್ಕಳಿಗೆ ಔಷಧಿಯನ್ನೂ, ಹದಿಮೂರರ ಮೇಲೆ ತೀವ್ರ ಬೊಜ್ಜಿದ್ದವರಿಗೆ ಶಸ್ತ್ರಚಿಕಿತ್ಸೆಯ ಸಮಾಲೋಚನೆಯನ್ನೂ ಮುಂದಿಡಬೇಕು ಎಂದರು. ನಮ್ಮವರು ಇಲ್ಲಿ ಹೆಚ್ಚು ಬಿಗಿ. ಮನೆಯ ನಡೆ ಬದಲಾಗುವುದೇ ಚಿಕಿತ್ಸೆಯ ತಿರುಳು. ಔಷಧಿ, ಶಸ್ತ್ರಚಿಕಿತ್ಸೆ ತೀವ್ರ ಬೊಜ್ಜಿನ ಕೆಲವೇ ಹರೆಯದವರಿಗೆ, ಉಳಿದದ್ದೆಲ್ಲ ಸೋತ ಮೇಲೆ.

ವೈದ್ಯರ ಕೋಣೆಯಲ್ಲಿ ಇದು ಹೇಗೆ ನಡೆಯುತ್ತದೆ? ಮೊದಲು ಎತ್ತರ. ಬರೀ ಹೆಚ್ಚು ತಿಂದು ಕಡಿಮೆ ಓಡಾಡಿ ದಪ್ಪಗಾದ ಮಗು ಸಾಮಾನ್ಯವಾಗಿ ತನ್ನ ಓರಗೆಯವರಷ್ಟು ಅಥವಾ ಅವರಿಗಿಂತ ಎತ್ತರ ಇರುತ್ತದೆ. ದಪ್ಪಗಾಗುತ್ತಲೇ ಎತ್ತರ ನಿಂತುಹೋಗಿದ್ದರೆ ಥೈರಾಯ್ಡ್‌ನಂಥ ಗ್ರಂಥಿಯ ತೊಂದರೆಯನ್ನು ಹುಡುಕಬೇಕು. ಆಮೇಲೆ ಕುತ್ತಿಗೆ ನೋಡಬೇಕು. ಹಿಂಭಾಗದಲ್ಲಿ ಮಖಮಲ್ಲಿನಂತೆ ಕಪ್ಪಗೆ ದಪ್ಪಗಾದ ಚರ್ಮವನ್ನು ಎಷ್ಟೋ ತಾಯಂದಿರು ಮಣ್ಣು ಎಂದುಕೊಂಡು ಉಜ್ಜಿ ಉಜ್ಜಿ ತೊಳೆಯುತ್ತಾರೆ. ಅದು ಕೊಳೆಯಲ್ಲ, ಇನ್ಸುಲಿನ್ನಿನ ಕೆಲಸ ಮೈಯಲ್ಲಿ ಸರಿಯಾಗಿ ನಡೆಯುತ್ತಿಲ್ಲ ಎಂಬ ಗುರುತು. ರಕ್ತದೊತ್ತಡ, ಸೊಂಟದ ಸುತ್ತಳತೆ ನೋಡಬೇಕು. ನಿದ್ದೆಯಲ್ಲಿ ಗೊರಕೆ ಉಂಟೇ, ಹುಡುಗಿಯರಿಗೆ ಮುಟ್ಟು ಸರಿಯಾಗಿ ಬರುತ್ತಿದೆಯೇ ಎಂದು ಕೇಳಬೇಕು. ಅಗತ್ಯವಿದ್ದರೆ ಸಕ್ಕರೆ, ಕೊಲೆಸ್ಟರಾಲ್, ಯಕೃತ್ತಿನ ಪರೀಕ್ಷೆ.

ಬೆಳೆಯುವ ಮಗುವಿಗೆ ಉಪವಾಸ ಹಾಕಿಸುವ ಮಾತು ಇದರಲ್ಲಿ ಇಲ್ಲ. ಸಣ್ಣ ಮಕ್ಕಳಲ್ಲಿ ಎಷ್ಟೋ ಸಲ ತೂಕ ಇಳಿಸುವುದೂ ಬೇಕಾಗುವುದಿಲ್ಲ. ತೂಕ ಇದ್ದಲ್ಲಿಯೇ ನಿಂತು ಎತ್ತರ ಬೆಳೆದರೆ ಬಿಎಂಐ ತಾನೇ ಇಳಿಯುತ್ತದೆ. ದಿನಕ್ಕೆ ಒಂದು ಗಂಟೆ ಬೆವರು ಬರುವ ಆಟ, ಸಾಕಷ್ಟು ನಿದ್ದೆ, ಮೊಬೈಲಿಗೆ ಮಿತಿ, ಸಿಹಿ ಪಾನೀಯಗಳ ಬದಲು ನೀರು, ಇಡೀ ಮನೆಗೆ ಒಂದೇ ಅಡಿಗೆ. ಮಗುವಿನ ಮೈ ಆಡಿಕೊಳ್ಳಬಾರದು. ಡುಮ್ಮ, ಡುಮ್ಮಿ ಎಂದು ಕರೆಸಿಕೊಂಡು ಕುಗ್ಗಿದ ಮಗು ಮೈದಾನ ಬಿಟ್ಟು ಮನೆಯ ಮೂಲೆ ಸೇರುತ್ತದೆ. ಅಲ್ಲಿಂದ ಅದನ್ನು ಹೊರಗೆ ಕರೆತರುವುದು ಯಾವ ಔಷಧಿಯಿಂದಲೂ ಆಗುವುದಿಲ್ಲ.

ರಂಗಂಪೇಟೆಗೆ ಇದು ಯಾಕೆ ಬೇಕು

"ನಮ್ಮ ಕಡಿ ಮಕ್ಕಳಿಗೆ ಹೊಟ್ಟಿಗೇ ಸಾಲದು, ಬೊಜ್ಜಿನ ಮಾತು ಯಾಕ?" ಎಂದು ಯಾರಾದರೂ ಕೇಳಿಯಾರು. ಕೇಳುವುದರಲ್ಲಿ ತಪ್ಪಿಲ್ಲ. ರಂಗಂಪೇಟೆ ಇರುವ ಯಾದಗಿರಿ ರಾಜ್ಯದಲ್ಲಿಯೇ ಹೆಚ್ಚು ಕುಂಠಿತ ಬೆಳವಣಿಗೆಯ ಮಕ್ಕಳಿರುವ ಜಿಲ್ಲೆಗಳಲ್ಲಿ ಒಂದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಇಲ್ಲಿನ ಐದು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು. ಇಡೀ ಕರ್ನಾಟಕದ ಸರಾಸರಿ ನೂರಕ್ಕೆ 35.

ಮೈಸೂರಿನ ಪಾಠ ಇಲ್ಲಿಗೇ ಎಲ್ಲಕ್ಕಿಂತ ಹೆಚ್ಚು ಅನ್ವಯಿಸುತ್ತದೆ. ಅರೆಹೊಟ್ಟೆಯಲ್ಲಿ ಬೆಳೆದ ತಾಯಿ, ಸಣ್ಣದಾಗಿ ಹುಟ್ಟಿದ ಕೂಸು, ಎರಡು ವರ್ಷದವರೆಗೆ ತೆಳ್ಳಗೆ, ಆಮೇಲೆ ಅಗ್ಗದ ಎಣ್ಣೆ, ಮೈದಾ, ಸಕ್ಕರೆ. ಕಾಯಿಲೆಯ ದಾರಿ ಹೀಗೆಯೇ ಹೋಗುತ್ತದೆ. ನಾರಾಯಣಪುರ ಎಡದಂಡೆ ಕಾಲುವೆ ಬಂದ ಮೇಲೆ ಸುರಪುರ, ಶಹಾಪುರದ ಎಷ್ಟೋ ಹೊಲಗಳು ಜೋಳ ಬಿಟ್ಟು ಭತ್ತ ಹಿಡಿದವು. ದುಡಿಯಲು ಬೆಂಗಳೂರು, ಪುಣೆ, ಮುಂಬಯಿಗೆ ಗುಳೆ ಹೋಗುವ ಮನೆಗಳ ಮಕ್ಕಳ ಊಟ ಹಲವು ಸಲ ಅಂಗಡಿಯ ಪಾಕೀಟಿನಿಂದಲೇ ಮುಗಿಯುತ್ತದೆ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮಜ್ಜಿಗೆಯ ತಾಟಿನ ಎದುರು ಐದು ರೂಪಾಯಿಯ ಕುರುಕಲು ನಿಂತಿದೆ. ಹಸಿವನ್ನು ಅದು ಅಡಗಿಸುತ್ತದೆ, ಎಲುಬಿಗೂ ಮಾಂಸಖಂಡಕ್ಕೂ ಏನೂ ಕೊಡುವುದಿಲ್ಲ.

ಬರೀ ತೂಕ ನೋಡಿದರೆ ಈ ಮಕ್ಕಳ ವಿಷಯದಲ್ಲಿ ಮೋಸ ಹೋಗುತ್ತೇವೆ. ಹತ್ತು ವರ್ಷದ ಇಬ್ಬರು ಹುಡುಗರನ್ನು ತೆಗೆದುಕೊಳ್ಳಿ. ಇಬ್ಬರದೂ ತೂಕ 30 ಕಿಲೋ. ಒಬ್ಬನ ಎತ್ತರ 135 ಸೆಂಟಿಮೀಟರ್, ಅವನ ಬಿಎಂಐ 16.5, ಸರಿಯಾಗಿದ್ದಾನೆ. ಇನ್ನೊಬ್ಬನ ಎತ್ತರ 120 ಸೆಂಟಿಮೀಟರ್. ಅವನ ಬಿಎಂಐ 20.8. ಟಿಮ್ ಕೋಲ್ ಅವರ ಸಡಿಲ ಗೆರೆಯಲ್ಲಿಯೇ ಹತ್ತು ವರ್ಷದ ಹುಡುಗನ ಮಿತಿ 19.84. ಅಂದರೆ ಈ ಹುಡುಗ ಗಿಡ್ಡನೂ ಹೌದು, ಅತಿತೂಕದವನೂ ಹೌದು. ತಕ್ಕಡಿ ಮಾತ್ರ ಇದ್ದ ಕಡೆ ಇಬ್ಬರೂ ಒಂದೇ. ಇವನಿಗೆ ಊಟ ಕಡಿಮೆ ಮಾಡು ಎಂದರೂ ತಪ್ಪು, ಹೆಚ್ಚು ಮಾಡು ಎಂದರೂ ತಪ್ಪು. ಊಟದ ಬಗೆ ಬದಲಾಗಬೇಕು. ಬೇಳೆ, ಮೊಟ್ಟೆ, ಹಾಲು, ಸೊಪ್ಪು ಏರಬೇಕು, ಮೈದಾ, ಸಕ್ಕರೆ, ಕರಿದದ್ದು ಇಳಿಯಬೇಕು. ಅಪೌಷ್ಟಿಕತೆ ಮತ್ತು ಬೊಜ್ಜು ಎರಡೂ ಒಂದೇ ಊರಿನಲ್ಲಿ, ಒಂದೇ ಮನೆಯಲ್ಲಿ, ಒಂದೇ ಮೈಯಲ್ಲಿ ಇರಬಹುದು ಎಂಬುದನ್ನು ಗಮನದಲ್ಲಿಟ್ಟೇ ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗಾಗಿ ಮಾರ್ಗಸೂಚಿ ಹೊರಡಿಸಿತು. ಐದು ವರ್ಷದೊಳಗಿನ ಪ್ರತಿ ಮಗುವಿನ ತೂಕ, ಎತ್ತರ ಎರಡನ್ನೂ ಅಳೆಯಬೇಕು ಎಂಬುದು ಅದರ ಮೊದಲ ಮಾತುಗಳಲ್ಲಿ ಒಂದು.

ಒಳ್ಳೆಯ ಊಟ ಏನು ಮಾಡಬಲ್ಲದು ಎಂಬುದಕ್ಕೂ ಯಾದಗಿರಿಯೇ ಸಾಕ್ಷಿ. ಅಕ್ಷರ ದಾಸೋಹದ ಬಿಸಿಯೂಟ 2002ರಲ್ಲಿ ಮೊದಲು ಶುರುವಾದದ್ದು ಈ ಭಾಗದ ಜಿಲ್ಲೆಗಳಲ್ಲಿಯೇ. 2021ರ ಡಿಸೆಂಬರ್‌ನಲ್ಲಿ ಸರಕಾರ ಶಾಲಾಮಕ್ಕಳಿಗೆ ಪ್ರಯೋಗವಾಗಿ ಮೊಟ್ಟೆ ಕೊಡಲು ಆರಿಸಿಕೊಂಡ ಜಿಲ್ಲೆಗಳಲ್ಲಿ ಯಾದಗಿರಿಯೂ ಇತ್ತು. ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದವರು ಮೊಟ್ಟೆ ತಿಂದ ಯಾದಗಿರಿಯ ಮಕ್ಕಳನ್ನು ಮೊಟ್ಟೆ ಸಿಗದ ಗದಗದ ಮಕ್ಕಳ ಜೊತೆ ಹೋಲಿಸಿದಾಗ, ಯಾದಗಿರಿಯವರ, ಅದರಲ್ಲಿಯೂ ಹೆಣ್ಣುಮಕ್ಕಳ ಬೆಳವಣಿಗೆ ಮುಂದಿತ್ತು. ಆ ಫಲಿತಾಂಶ ಬಂದ ಮೇಲೆ ಮೊಟ್ಟೆ ಇಡೀ ರಾಜ್ಯದ ಶಾಲೆಗಳಿಗೆ ಹೋಯಿತು. ಹೆಣ್ಣುಮಗಳ ತಾಟಿಗೆ ಬಿದ್ದ ಆ ಮೊಟ್ಟೆ, ಮೈಸೂರಿನ ಸರಪಳಿಯ ಲೆಕ್ಕದಲ್ಲಿ, ಇನ್ನೂ ಹುಟ್ಟದ ಅವಳ ಮಗುವಿಗೂ ಸಲ್ಲುತ್ತದೆ.

ದೇಶದಲ್ಲಿ 5ರಿಂದ 19 ವರ್ಷದ ಬೊಜ್ಜಿನ ಮಕ್ಕಳು 1990ರಲ್ಲಿ ಸುಮಾರು 4 ಲಕ್ಷ ಇದ್ದರು. 2022ರಲ್ಲಿ ಆ ಸಂಖ್ಯೆ 1.25 ಕೋಟಿಗೆ ಏರಿತ್ತು. 2016-18ರ ಸಮಗ್ರ ರಾಷ್ಟ್ರೀಯ ಪೋಷಣೆ ಸಮೀಕ್ಷೆಯಲ್ಲಿ ಹತ್ತು ಮಕ್ಕಳಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆಯ ಮುನ್ಸೂಚನೆ ಇತ್ತು. ಅವರಲ್ಲಿ ಎಷ್ಟೋ ಮಂದಿ ದಪ್ಪಗಿದ್ದವರಲ್ಲ. ಈ ಅಲೆ ಬೆಂಗಳೂರಿನಲ್ಲಿಯೇ ನಿಲ್ಲುವುದಿಲ್ಲ, ಸುರಪುರಕ್ಕೂ ಬರುತ್ತದೆ. ಬರುವ ಮೊದಲೇ ನಮ್ಮ ಕೈಯಲ್ಲಿ ಮಾರ್ಗಸೂಚಿ ಇರುವುದು ಹಿಂದಿನ ಪೀಳಿಗೆಗೆ ಇರದ ಭಾಗ್ಯ.

ಅದನ್ನು ಬಳಸಲು ದೊಡ್ಡ ಯಂತ್ರ ಬೇಡ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಶಾಲೆಗೆ ಬರುತ್ತದೆ. ಅಂದು ಮಗುವನ್ನು ತಪ್ಪದೆ ಕಳಿಸಿ. ತೂಕದ ಜೊತೆ ಎತ್ತರವನ್ನೂ ಬರೆಸಿ, ಕಾರ್ಡು ಜೋಪಾನ ಮಾಡಿ. ಶಾಲೆಯಿಂದ 50 ಮೀಟರ್ ಒಳಗೆ ಕೊಬ್ಬು, ಸಕ್ಕರೆ, ಉಪ್ಪು ಅತಿಯಾದ ತಿನಿಸು ಮಾರಬಾರದು ಎಂಬ ನಿಯಮ 2021ರಿಂದ ಇದೆ. ಶಾಲಾ ಅಭಿವೃದ್ಧಿ ಸಮಿತಿಯವರು ಅದನ್ನು ಕೇಳಿ ಜಾರಿಗೆ ತರಿಸಿ. ಬಸುರಿ ಸೊಸೆಯನ್ನೋ ಮಗಳನ್ನೋ ಮೊದಲ ತಪಾಸಣೆಗೆ ಕರೆದೊಯ್ದಾಗ ಒಮ್ಮೆ, 24ರಿಂದ 28 ವಾರದೊಳಗೆ ಇನ್ನೊಮ್ಮೆ, ಗ್ಲೂಕೋಸ್ ಕುಡಿಸಿ ಸಕ್ಕರೆ ಪರೀಕ್ಷೆ ಮಾಡಿಸಿ. ಸರಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ದುಡ್ಡಿಲ್ಲ. ಮಕ್ಕಳ ಬೊಜ್ಜಿಗೆ ಎಲ್ಲಕ್ಕಿಂತ ಮೊದಲ ಚಿಕಿತ್ಸೆ ಹೆಣ್ಣುಮಗಳ ಊಟ, ಎರಡನೆಯದು ಬಸುರಿಯ ತಪಾಸಣೆ, ಮೂರನೆಯದು ಮಗುವಿನ ಎತ್ತರ ಮತ್ತು ತೂಕ. ಈ ಮೂರನ್ನೂ ರಂಗಂಪೇಟೆಯಲ್ಲಿ ಇವತ್ತಿನಿಂದಲೇ ಮಾಡಬಹುದು, ಮಾಡಬೇಕು.